ಎಲ್4–ಎಲ್5 ಫ್ಯೂಷನ್ ಆದವರಿಗೆ ತೊಡೆ ಮುಂದೆ ನೋವು: ಸ್ಕ್ರೂನೋ, ಪಕ್ಕದ ಮೂಳೆನೋ?

ಪ್ರಶ್ನೆ (ಫಿಸಿಯೋಥೆರಪಿಸ್ಟ್, ಚಿತ್ರದುರ್ಗ):
ಚಳ್ಳಕೆರೆ ಕಡೆಯ ರೈತ ಮಹಿಳೆ, 58 ವರ್ಷ. ನಾಲ್ಕು ವರ್ಷದ ಹಿಂದೆ ಎಲ್4–ಎಲ್5 ಫ್ಯೂಷನ್ (ಸೊಂಟದ ನಾಲ್ಕನೇ, ಐದನೇ ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆಯುವ ಆಪರೇಷನ್) ಆಗಿ ಕಾಲಿನ ಸೆಳೆತ ಪೂರ್ತಿ ಹೋಗಿತ್ತು. ಈಗ ಎರಡು ತಿಂಗಳಿಂದ ಎಡ ತೊಡೆಯ ಮುಂದುಗಡೆಯಿಂದ ಮಂಡಿ ಕೆಳಗಿನವರೆಗೆ ನೋವು. ನಿಂತರೆ, ನಡೆದರೆ ಜಾಸ್ತಿ. ಶೇಂಗಾ ಹೊಲದಲ್ಲಿ ಕಳೆ ಕೀಳಲು ಕುಕ್ಕರಗಾಲಲ್ಲಿ ಕೂತರೆ ಹಾಯೆನಿಸುತ್ತಂತೆ. ಊರಲ್ಲಿ 'ಸ್ಕ್ರೂ ಸಡಿಲಾಗಿದೆ' ಅಂತ ಹೆದರಿಸಿದ್ದಾರೆ. ಮೊದಲು ಏನು ನೋಡಲಿ?

ಉತ್ತರ 1 (ಬೆನ್ನುಮೂಳೆ ಸರ್ಜನ್, ದಾವಣಗೆರೆ):
ಮೇಡಂ, ಇದು ಹೆಚ್ಚಾಗಿ ಬೆಸೆದ ಜಾಗದ ಮೇಲಿನ ಜೋಡಿ, ಎಲ್3–ಎಲ್4. ಬೆಸೆದ ಜಾಗ ಅಲ್ಲಾಡಲ್ಲ, ಅದರ ಪಾಲಿನ ಒತ್ತಡ ಮೇಲಿನ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ), ಫೆಸೆಟ್ ಕೀಲುಗಳ (ಬೆನ್ನುಮೂಳೆ ಹಿಂಬದಿಯ ಸಣ್ಣ ಕೀಲುಗಳು) ಮೇಲೆ ಬೀಳುತ್ತೆ. ಡಿಸ್ಕ್ ಕುಸಿದು, ಕೀಲು ಮತ್ತು ಲಿಗಮೆಂಟ್ ದಪ್ಪಗಾಗಿ ನರದ ದಾರಿ ಕಿರಿದಾಗುತ್ತೆ. ಬಗ್ಗಿದಾಗ ದಾರಿ ಅಗಲವಾಗುತ್ತೆ, ಕೂತರೆ ಹಾಯೆನಿಸೋದು ಅದಕ್ಕೇ. ವಯಸ್ಸಿನ ಸವೆತವೂ ಸೇರಿರುತ್ತೆ, ಎಲ್ಲವನ್ನೂ ಆಪರೇಷನ್ ತಲೆಗೆ ಕಟ್ಟಬಾರದು. ಆದರೂ ಎರಡು ಸಂಗತಿ ನೋಡಲೇಬೇಕು. ಒಂದು, ಎಲ್4 ಸ್ಕ್ರೂವಿನ ತಲೆ ಮೇಲಿನ ಫೆಸೆಟ್‌ಗೆ ತಾಗಿದೆಯಾ? ಇನ್ನೊಂದು, ಬೆಸೆಯುವಾಗ ಸೊಂಟದ ಒಳಬಾಗು ಉಳಿದಿದೆಯಾ? ಆ ಬಾಗಿನ ಮೂರರಲ್ಲಿ ಎರಡು ಪಾಲು ಎಲ್4ರಿಂದ ಎಸ್1ರ (ಸೊಂಟದ ಕೆಳಗಿನ ತ್ರಿಕಾಸ್ಥಿಯ ಮೇಲ್ಭಾಗ) ನಡುವೆಯೇ ಇರುತ್ತೆ. ಅಲ್ಲಿ ಚಪ್ಪಟೆಯಾಗಿ ಬೆಸೆದುಬಿಟ್ಟರೆ ಮೇಲಿನ ಮೂಳೆಗಳು ಹಿಂದಕ್ಕೆ ಬಾಗಿ ಸರಿದೂಗಿಸಬೇಕು, ಬೇಗ ಸವೆಯುತ್ತವೆ.
ಸ್ಕ್ರೂ ಸಡಿಲಾದರೆ ಸಾಮಾನ್ಯವಾಗಿ ಸೊಂಟವೇ ನೋಯುತ್ತೆ, ಮಗ್ಗುಲು ಬದಲಿಸುವಾಗ ಹೆಚ್ಚು. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ಗೆರೆ ಕಾಣುತ್ತೆ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್.

ಉತ್ತರ 2 (ರೇಡಿಯಾಲಜಿ ಟೆಕ್ನಿಷಿಯನ್, ದಾವಣಗೆರೆ):
ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಮೂಳೆ ಜಾರಿರೋದು ಎಷ್ಟೋ ಸಲ ಕಾಣಲ್ಲ. ನಿಲ್ಲಿಸಿ ನಾಲ್ಕು ಫಿಲ್ಮ್ ಬರೆಸಿ: ಎದುರಿನಿಂದ, ಪಕ್ಕದಿಂದ, ಮುಂದೆ ಬಗ್ಗಿ, ಹಿಂದೆ ಬಾಗಿ. ಪಕ್ಕದ ಫಿಲ್ಮ್‌ನಲ್ಲಿ ಎರಡೂ ತೊಡೆಮೂಳೆಯ ಗುಂಡು ಸೇರಿರಲಿ, ಇಲ್ಲದಿದ್ದರೆ ಬಾಗಿನ ಲೆಕ್ಕ ಸಿಗಲ್ಲ. ಟೈಟಾನಿಯಂ ಸ್ಕ್ರೂ ಇದ್ದರೂ ಎಂಆರ್‌ಐ ಆಗುತ್ತೆ. ಲೋಹದ ನೆರಳು 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರಕ್ಕಿಂತ 1.5ರಲ್ಲಿ ಕಡಿಮೆ.

ಉತ್ತರ 3 (ಫಿಸಿಯೋಥೆರಪಿಸ್ಟ್, ದಾವಣಗೆರೆ):
ಹಿಪ್ ಕೀಲು (ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲು) ಮರೀಬೇಡಿ. ಅಂಗಾತ ಮಲಗಿಸಿ ತೊಡೆಯನ್ನು ಒಳಕ್ಕೆ ತಿರುಗಿಸಿದಾಗ ತೊಡೆಸಂದಿನಲ್ಲಿ ಚುಚ್ಚಿದರೆ ತೊಂದರೆ ಅಲ್ಲೇ ಇರಬಹುದು. ಎಲ್4 ನರಕ್ಕೆ ಮಂಡಿ ಜರ್ಕ್ (ಮಂಡಿ ಕೆಳಗೆ ತಟ್ಟಿದಾಗ ಕಾಲು ಚಿಮ್ಮುವುದು) ನೋಡಿ, ಆಮೇಲೆ ಕುರ್ಚಿಯಿಂದ ಒಂದೇ ಕಾಲಲ್ಲಿ ಏಳಿಸಿ. ಕೈಯಿಂದ ತಡೆದು ನೋಡಿದಾಗ ಸಿಗದ ಬಲಹೀನತೆ ಇದರಲ್ಲಿ ಬಯಲಾಗುತ್ತೆ. ಹಿಂದಕ್ಕೆ ಬಾಗುವ ವ್ಯಾಯಾಮ ಸದ್ಯಕ್ಕೆ ಬೇಡ, ಸೈಕಲ್ ಆಗಬಹುದು. ಮೂತ್ರ ಕಟ್ಟಿದರೆ, ಗುದದ ಸುತ್ತ ಜೋಮು ಬಂದರೆ, ಮಂಡಿ ಕೈಕೊಟ್ಟು ಬಿದ್ದರೆ ಅದೇ ದಿನ ಸರ್ಜನ್ ಹತ್ತಿರ ಕಳಿಸಿ.

ಪ್ರಶ್ನೆ ಕೇಳಿದವರು:
ಎಡ ಮಂಡಿ ಜರ್ಕ್ ಬಲಕ್ಕಿಂತ ಮಂಕಾಗಿದೆ, ಒಂಟಿ ಕಾಲಲ್ಲಿ ಏಳಲು ಆಗಲಿಲ್ಲ. ಹಿಪ್ ಸರಿಯಿದೆ. ನಿಂತ ಎಕ್ಸ್‌ರೇಗೆ ಬರೆದೆ, ಆಪರೇಷನ್ ಆದಾಗಿನ ಫಿಲ್ಮ್ ಕೂಡ ತರೋಕೆ ಹೇಳಿದ್ದೀನಿ.