ಐಸ್‌ಲ್ಯಾಂಡಿನ ಅಪರೂಪದ ತಾಯಿ ಸಾಲು: ಅಮೆರಿಕದಿಂದ ಬಂತಾ, ಯುರೋಪಿನದೇನಾ?

ಪ್ರಶ್ನೆ: ನಮಸ್ಕಾರ ಮೇಡಂ. ಸಾವಿರ ವರ್ಷದ ಹಿಂದೆ ವೈಕಿಂಗರು (ಉತ್ತರ ಯುರೋಪಿನ ಕಡಲಯಾನಿಗಳು) ಅಮೆರಿಕದ ಮೂಲನಿವಾಸಿ ಹೆಂಗಸೊಬ್ಬಳನ್ನು ಐಸ್‌ಲ್ಯಾಂಡಿಗೆ ಕರೆತಂದರು, ಅವಳ ವಂಶದವರು ಈಗಲೂ ಅಲ್ಲಿದ್ದಾರೆ, ಡಿಎನ್‌ಎ ಅದನ್ನು ಸಾಬೀತು ಮಾಡಿದೆ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ನನ್ನ ಮಗಳು ಬಯಾಲಜಿ ಓದುತ್ತಿದ್ದಾಳೆ, ‘ಎಲ್ಲ ಸುಳ್ಳು ಅಪ್ಪ’ ಅನ್ನುತ್ತಾಳೆ. ನೀವು ಇದೇ ಕ್ಷೇತ್ರದವರು ಅಲ್ವಾ, ಯಾರು ಸರಿ ಹೇಳಿ.

ಉತ್ತರ: ನಮಸ್ಕಾರ. ಮಗಳೂ ಪೂರ್ತಿ ಸರಿಯಿಲ್ಲ, ವಿಡಿಯೊನೂ ಪೂರ್ತಿ ಸರಿಯಿಲ್ಲ. ಸುದ್ದಿಯ ಬುಡದಲ್ಲಿ ಗಟ್ಟಿ ಸಂಶೋಧನೆ ಇದೆ. ‘ಸಾಬೀತು’ ಅನ್ನುವ ಮಾತು ಮಾತ್ರ ವಿಡಿಯೊದವರದ್ದು.

2010ರ ಕೊನೆಯಲ್ಲಿ ಸಿಗ್ರೀದುರ್ ಸುನ್ನಾ ಎಬೆನೆಸೆರ್ಸ್‌ದೋತ್ತಿರ್, ಅಗ್ನಾರ್ ಹೆಲ್ಗಾಸನ್ ಮತ್ತು ಸ್ಪೇನಿನ ಕಾರ್ಲೆಸ್ ಲಲುಎಸಾ-ಫಾಕ್ಸ್ ಅವರ ತಂಡ ಒಂದು ಪ್ರಬಂಧ ಪ್ರಕಟಿಸಿತು. ಐಸ್‌ಲ್ಯಾಂಡಿನಲ್ಲಿ 80ಕ್ಕೂ ಜಾಸ್ತಿ ಜನರ ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗ) ಡಿಎನ್‌ಎ ಯುರೋಪಿನ ಸಾಮಾನ್ಯ ಗುಂಪುಗಳಿಗೆ ಸೇರದೆ ‘ಸಿ1’ ಅನ್ನುವ ಗುಂಪಿಗೆ ಸೇರುತ್ತದೆ ಅಂತ ಅದರಲ್ಲಿತ್ತು. ಸಿ1 ಅಲ್ಲಿಯವರೆಗೆ ಕಂಡಿದ್ದು ಮುಖ್ಯವಾಗಿ ಅಮೆರಿಕದ ಮೂಲನಿವಾಸಿಗಳಲ್ಲಿ, ಸ್ವಲ್ಪ ಮಟ್ಟಿಗೆ ಪೂರ್ವ ಏಷ್ಯಾದಲ್ಲಿ. ಎಲ್ಲರಿಗೂ ವೈಕಿಂಗರ ನೆನಪಾಗಿದ್ದು ಅದಕ್ಕೇ.

ಆದರೆ ಆಗ ಗೊತ್ತಿದ್ದ ಸಿ1ರ ಕವಲುಗಳಲ್ಲಿ ಸಿ1ಎ ಏಷ್ಯಾದ್ದು. ಸಿ1ಬಿ, ಸಿ1ಸಿ, ಸಿ1ಡಿ ಅಮೆರಿಕದವು. ಐಸ್‌ಲ್ಯಾಂಡಿನವರದ್ದು ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದಲಿಲ್ಲ. ಅದಕ್ಕೆ ಹೊಸದಾಗಿ ‘ಸಿ1ಇ’ ಅಂತ ಹೆಸರಿಟ್ಟರು. ಅಮೆರಿಕ ಮೂಲವೇ ಹೆಚ್ಚು ಸಂಭವ, ಆದರೆ ಏಷ್ಯಾ ಅಥವಾ ಯುರೋಪನ್ನು ತಳ್ಳಿಹಾಕಲಾಗದು ಅಂತ ಬರೆದವರೇ ಹೇಳಿದ್ದರು. ಪತ್ರಿಕೆಗಳು ಮೊದಲ ಅರ್ಧವನ್ನು ಹೆಡ್‌ಲೈನ್ ಮಾಡಿದವು, ಎರಡನೇ ಅರ್ಧ ಬಿಟ್ಟವು.

ಪ್ರಶ್ನೆ (ಮಂಗಳೂರಿನಿಂದ): ಮೇಡಂ, ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದು ಅಂತ ಓದಿದ ನೆನಪು. ನಮ್ಮ ತುಳುನಾಡಿನ ಬರಿ (ತಾಯಿಯಿಂದ ಬರುವ ಕುಲದ ಹೆಸರು) ಇದ್ದ ಹಾಗೇ ಉಂಟಲ್ಲ ಇದು?

ಉತ್ತರ: ಸರಿಯಾಗಿ ಹೇಳಿದಿರಿ. ಅಳಿಯಸಂತಾನದ ಮನೆಗಳಲ್ಲಿ ಮಕ್ಕಳಿಗೆಲ್ಲ ತಾಯಿಯ ಬರಿ. ಮಗನಿಗೂ ಅದೇ ಬರಿ, ಆದರೆ ಅವನ ಮಕ್ಕಳಿಗೆ ಅವನ ಹೆಂಡತಿಯ ಬರಿ. ಮೈಟೊಕಾಂಡ್ರಿಯಾ ಡಿಎನ್‌ಎ ನಡೆಯುವುದೂ ಹೀಗೆ. ಒಂದು ವ್ಯತ್ಯಾಸ ಇದೆ. ಬರಿಯ ಹೆಸರು ಬದಲಾಗುವುದಿಲ್ಲ, ಈ ಡಿಎನ್‌ಎಯಲ್ಲಿ ಬದಲಾವಣೆ ಆಗುತ್ತದೆ. ಇದರಲ್ಲಿ ಒಟ್ಟು 16,569 ಅಕ್ಷರಗಳು, ಅಂದರೆ ರಾಸಾಯನಿಕ ಘಟಕಗಳು. ಎಷ್ಟೋ ತಲೆಮಾರಿಗೊಮ್ಮೆ ಒಂದು ಅಕ್ಷರ ಬದಲಾಗುತ್ತದೆ, ಆಮೇಲೆ ಆ ಬದಲಾವಣೆಯೂ ಹೆಣ್ಣುಮಕ್ಕಳ ಮೂಲಕ ಇಳಿಯುತ್ತದೆ. ಇಂಥ ಬದಲಾವಣೆಗಳನ್ನು ಜೋಡಿಸಿಯೇ ಯಾವ ಕವಲು ಎಲ್ಲಿ ಒಡೆಯಿತು ಅಂತ ಲೆಕ್ಕ ಹಾಕುತ್ತೇವೆ.

ಪ್ರಶ್ನೆ: ಸರಿ ಮೇಡಂ. ಆದರೆ ಇದು ಮೊನ್ನೆ ಮೊನ್ನೆ ಯಾರೋ ವಲಸೆ ಬಂದವರದ್ದಲ್ಲ, ಹಳೆಯದು ಅಂತ ಹೇಗೆ ಗೊತ್ತಾಯಿತು?

ಉತ್ತರ: ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಇಡೀ ಕತೆಯಲ್ಲಿ ನನಗೆ ಇಷ್ಟವಾದ ಭಾಗ ಇದು.

ಐಸ್‌ಲ್ಯಾಂಡಿನವರ ವಂಶಾವಳಿ ದಾಖಲೆ ಬೇರೆಲ್ಲೂ ಸಿಗದಷ್ಟು ಚೆನ್ನಾಗಿದೆ. 1703ರಲ್ಲೇ ಹೆಸರು ಹಿಡಿದು ಇಡೀ ದೇಶದ ಜನಗಣತಿ ಮಾಡಿದ್ದರು. ಸಿಕ್ಕಿದ್ದು 50,358 ಜನ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಚರ್ಚ್ ದಾಖಲೆ, ಜನಗಣತಿ ಎಲ್ಲ ಸೇರಿಸಿ ‘ಈಸ್ಲೆಂಡಿಂಗಾಬೋಕ್’ ಅನ್ನುವ ಕಂಪ್ಯೂಟರ್ ದಾಖಲೆ ಇದೆ. ಸಿ1ಇ ಇರುವ 80 ಚಿಲ್ಲರೆ ಜನರ ತಾಯಿ, ಅಜ್ಜಿ, ಮುತ್ತಜ್ಜಿ ಅಂತ ಅದರಲ್ಲಿ ಹಿಂದಕ್ಕೆ ಹೋದರೆ 1700ರ ಆಸುಪಾಸಿನಲ್ಲಿ ಹುಟ್ಟಿದ ನಾಲ್ಕೇ ಹೆಂಗಸರ ಹತ್ತಿರ ಬಂದು ನಿಲ್ಲುತ್ತದೆ. ನಾಲ್ವರೂ ದಕ್ಷಿಣದ ವಾಟ್ನಾಯೊಕುಲ್ ಅನ್ನುವ ದೊಡ್ಡ ಹಿಮನದಿಯ ಸುತ್ತಮುತ್ತಲಿನವರು.

ನಾಲ್ವರ ಬದಲು ಒಬ್ಬಳೇ ಸಿಕ್ಕಿದ್ದರೆ, ಯಾವುದೋ ಹಡಗಿನಲ್ಲಿ ಬಂದವಳ ಮಗಳಿರಬಹುದು ಅನ್ನಬಹುದಿತ್ತು. ನಾಲ್ವರು ಬೇರೆ ಬೇರೆ ಮನೆಗಳಲ್ಲಿದ್ದರು ಅಂದರೆ ಅವರ ಮೂಲ ಅಜ್ಜಿ ಇನ್ನೂ ಹಿಂದಿನವಳು. ಮೇಲಾಗಿ 1602ರಿಂದ ವ್ಯಾಪಾರವೆಲ್ಲ ಡೆನ್ಮಾರ್ಕಿನ ಏಕಸ್ವಾಮ್ಯ, ಕಂಡವರೆಲ್ಲ ಬಂದು ನೆಲೆಸುವ ಜಾಗ ಅದಾಗಿರಲಿಲ್ಲ. ಹಾಗಾಗಿ 1700ಕ್ಕಿಂತ ಕೆಲವು ಶತಮಾನ ಮೊದಲೇ ಈ ಸಾಲು ಅಲ್ಲಿತ್ತು ಅನ್ನುವುದು ಗಟ್ಟಿ. ಕ್ರಿ.ಶ. 1000 ಅನ್ನುವುದು ವೈಕಿಂಗರ ಪ್ರಯಾಣದ ಕಾಲ ನೋಡಿ ಮಾಡಿದ ಊಹೆ. ಅಕ್ಷರ ಎಣಿಸಿದರೆ ಅಂಥ ಕರಾರುವಾಕ್ಕು ಇಸವಿ ಸಿಗುವುದಿಲ್ಲ.

ಪ್ರಶ್ನೆ: ವೈಕಿಂಗರು ಅಮೆರಿಕಕ್ಕೆ ಹೋಗಿದ್ದಾದರೂ ನಿಜ ತಾನೇ? ಅದೂ ಊಹೆನಾ?

ಉತ್ತರ: ಅದು ನಿಜ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಲಾನ್ಸ್ ಒ ಮೆಡೋಸ್ ಅನ್ನುವಲ್ಲಿ 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಅನ್ನುವವರು ವೈಕಿಂಗರ ಮನೆಗಳ ಕುರುಹು ಗುರುತಿಸಿದರು, ಅವರ ಹೆಂಡತಿ ಆನ್ ಸ್ಟೀನೆ ಉತ್ಖನನ ನಡೆಸಿದರು. ಅಲ್ಲಿ ಲೋಹದ ಅಲಗಿನಿಂದ ಕಡಿದ ಮರದ ತುಂಡುಗಳಿದ್ದವು. ಕ್ರಿ.ಶ. 993ರಲ್ಲಿ ಸೂರ್ಯನಿಂದ ಬಂದ ಕಣಗಳ ಹೊಡೆತ ಮರದ ಬಳೆಯಲ್ಲಿ (ವರ್ಷಕ್ಕೊಂದರಂತೆ ಬೆಳೆಯುವ ಉಂಗುರ) ಗುರುತು ಬಿಟ್ಟಿರುತ್ತದೆ. ಅಲ್ಲಿಂದ ತೊಗಟೆಯವರೆಗೆ ಬಳೆ ಎಣಿಸಿ, ಆ ಮರಗಳನ್ನು ಕಡಿದಿದ್ದು 1021ರಲ್ಲಿ ಅಂತ 2021ರಲ್ಲಿ ಹೇಳಿದರು.

ಹೆಂಗಸನ್ನು ಕರೆತಂದಿದ್ದಕ್ಕೆ ಮಾತ್ರ ಪುರಾವೆ ಇಲ್ಲ. ಎರಿಕ್‌ನ ಸಾಗಾ ಅನ್ನುವ ಹಳೆಯ ಐಸ್‌ಲ್ಯಾಂಡ್ ಕಥನದಲ್ಲಿ ಮಾರ್ಕ್‌ಲ್ಯಾಂಡ್ ಅನ್ನುವ ಕಡೆ ಇಬ್ಬರು ಸ್ಥಳೀಯ ಮಕ್ಕಳನ್ನು ಹಿಡಿದು, ತಮ್ಮ ಭಾಷೆ ಕಲಿಸಿ, ದೀಕ್ಷಾಸ್ನಾನ ಮಾಡಿಸಿದ ಪ್ರಸಂಗ ಬರುತ್ತದೆ. ಇದನ್ನೇ ಆಧಾರ ಅಂತ ಕೆಲವರು ತೋರಿಸುತ್ತಾರೆ. ಆದರೆ ಇಬ್ಬರೂ ಗಂಡು ಹುಡುಗರು! ಬರಿಯ ಲೆಕ್ಕ ಇಲ್ಲಿಗೂ ಹಾಕಿ: ಅವರಿಂದ ತಾಯಿ ಸಾಲು ಮುಂದೆ ಹೋಗುವುದೇ ಇಲ್ಲ.

ಪ್ರಶ್ನೆ: ನಡುವೆ ಗ್ರೀನ್‌ಲ್ಯಾಂಡ್ ಇದೆಯಲ್ಲ. ಅಲ್ಲಿನ ಇನ್ಯೂಟ್ ಜನರಿಂದ ಬಂದಿರಬಹುದಲ್ವಾ?

ಉತ್ತರ: ಒಳ್ಳೆಯ ಅನುಮಾನ, ಆದರೆ ಹೊಂದುವುದಿಲ್ಲ. ಗ್ರೀನ್‌ಲ್ಯಾಂಡ್ ಇನ್ಯೂಟರ ತಾಯಿ ಸಾಲುಗಳು ‘ಎ’ ಮತ್ತು ‘ಡಿ’ ಗುಂಪಿನವು. ಸಿ1 ಅಲ್ಲ.

ಪ್ರಶ್ನೆ: ಹಾಗಾದರೆ ಯುರೋಪಿನದೇ ಇರಬಹುದು ಅಂದಿರಲ್ಲ, ಅದಕ್ಕೇನು ಆಧಾರ?

ಉತ್ತರ: ರಷ್ಯಾದ ವಾಯವ್ಯ ಮೂಲೆಯಲ್ಲಿ, ಫಿನ್‌ಲ್ಯಾಂಡಿನ ಪಕ್ಕದ ಕರೇಲಿಯಾದಲ್ಲಿ, ಒನೇಗಾ ಅನ್ನುವ ದೊಡ್ಡ ಸರೋವರ ಇದೆ. ಅದರ ಒಂದು ದ್ವೀಪ ಯುಜ್ನಿ ಒಲೆನಿ ಓಸ್ತ್ರೋವ್. ಬೇಟೆ, ಮೀನುಗಾರಿಕೆ ಮಾಡಿಕೊಂಡಿದ್ದ ಜನರ ಹಳೆಯ ಸ್ಮಶಾನ ಅಲ್ಲಿದೆ. ಸುಮಾರು 7,500 ವರ್ಷ ಹಿಂದಿನ ಒಬ್ಬರ ಮೈಟೊಕಾಂಡ್ರಿಯಾ ಡಿಎನ್‌ಎಯನ್ನು ಕ್ಲಿಯೊ ದೆರ್ ಸರ್ಕಿಸ್ಸಿಯಾನ್ ಅವರ ತಂಡ ಪೂರ್ತಿ ಓದಿ 2014ರಲ್ಲಿ ಪ್ರಕಟಿಸಿತು. ಅದೂ ಸಿ1! ಅದೂ ಹಿಂದೆ ಕಾಣದ ಕವಲು, ಈಗ ಅದನ್ನು ಸಿ1ಎಫ್ ಅನ್ನುತ್ತೇವೆ.

ಯುರೋಪಿನಲ್ಲಿ ಸಿ1 ಇರಲೇ ಇಲ್ಲ, ಆದ್ದರಿಂದ ಹೊರಗಿನಿಂದ ಬಂದಿರಲೇಬೇಕು ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು. ಕೊಲಂಬಸ್, ವೈಕಿಂಗ್ ಯಾರೂ ಹುಟ್ಟುವ ಮೊದಲೇ ಯುರೋಪಿನ ಉತ್ತರದ ಅಂಚಿನಲ್ಲಿ ಸಿ1 ಇತ್ತು. ಆದರೆ ಸಿ1ಎಫ್ ಅನ್ನು ಸಿ1ಇ-ಯ ತಾಯಿ ಅಂದುಕೊಳ್ಳಬೇಡಿ. ಎರಡೂ ಸಿ1ರಿಂದ ಬೇರೆ ಬೇರೆಯಾಗಿ ಒಡೆದ ಕವಲುಗಳು.

ಪ್ರಶ್ನೆ: ಒಂದು ಸಂಶಯ. ಅಷ್ಟು ಹಿಂದೆ ಯುರೋಪಿನಲ್ಲಿ ಇದ್ದಿದ್ದರೆ ನಾರ್ವೆ, ಸ್ವೀಡನ್, ಸ್ಕಾಟ್ಲೆಂಡ್ ಎಲ್ಲೂ ಸಿಗದೆ ಬರೀ ಐಸ್‌ಲ್ಯಾಂಡಿನಲ್ಲಿ ಮಾತ್ರ ಯಾಕೆ ಉಳಿಯಿತು? ಇದು ಅಮೆರಿಕದ ಪರವಾದ ಸಾಕ್ಷಿ ಅಲ್ವಾ?

ಉತ್ತರ: ತಾಯಿ ಸಾಲುಗಳು ಸುಮ್ನೆ ಅಳಿದುಹೋಗುತ್ತವೆ, ಅದಕ್ಕೆ ಯುದ್ಧ, ರೋಗ ಬೇಕಿಲ್ಲ. ಒಬ್ಬಳಿಗೆ ಗಂಡು ಮಕ್ಕಳೇ ಆದರೆ ಅವಳ ಸಾಲು ಅಲ್ಲಿಗೆ ಮುಗಿಯಿತು. ಮೊದಲೇ ಕಡಿಮೆ ಜನರಲ್ಲಿದ್ದ ಸಾಲು ಇಡೀ ಸ್ಕ್ಯಾಂಡಿನೇವಿಯಾದಲ್ಲಿ ಕಣ್ಮರೆಯಾಗುವುದು ಅಚ್ಚರಿಯೇನಲ್ಲ. ಚಿಕ್ಕ ಜನಸಂಖ್ಯೆಯಲ್ಲಿ ಇದರ ತಿರುಗುಮುರುಗೂ ಆಗುತ್ತದೆ, ಅಪರೂಪದ ಒಂದು ಸಾಲು ಅದೃಷ್ಟದಿಂದ ಉಳಿದು ಬೆಳೆಯುತ್ತದೆ. ಐಸ್‌ಲ್ಯಾಂಡಿನಲ್ಲಿ 1707ರಿಂದ 1709ರ ಸಿಡುಬಿಗೆ ಸುಮಾರು ಕಾಲು ಭಾಗ ಜನ ಸತ್ತರು. 1783ರ ಲಾಕಿ ಜ್ವಾಲಾಮುಖಿ ಮತ್ತು ನಂತರದ ಕ್ಷಾಮಕ್ಕೆ ಐದರಲ್ಲಿ ಒಂದು ಭಾಗದಷ್ಟು ಜನ ಹೋದರು. ಇಂಥ ಕಡೆ ಯಾವ ಸಾಲು ಉಳಿಯಿತು ಅನ್ನುವುದು ಬಹಳ ಮಟ್ಟಿಗೆ ಅದೃಷ್ಟದ ಆಟ. ಹಾಗಾಗಿ ಇವತ್ತು ಎಲ್ಲಿದೆ ಅನ್ನುವುದರಿಂದ ಎಲ್ಲಿ ಹುಟ್ಟಿತು ಅಂತ ಹೇಳುವುದು ಅಪಾಯ. ನಮ್ಮ ಕ್ಷೇತ್ರದವರೇ ಎಷ್ಟೋ ಸಲ ಇದನ್ನು ಮರೆಯುತ್ತಾರೆ.

ಪ್ರಶ್ನೆ: ಸುತ್ತಿ ಬಳಸಿ ಬೇಡ ಮೇಡಂ. ನಿಮ್ಮ ಸ್ವಂತ ಅಭಿಪ್ರಾಯ ಏನು?

ಉತ್ತರ: ಒತ್ತಾಯ ಮಾಡಿದಿರಿ, ಹೇಳುತ್ತೇನೆ. ನಾನು ಯುರೋಪಿನ ಕಡೆ ವಾಲುತ್ತೇನೆ. ಐಸ್‌ಲ್ಯಾಂಡಿಗೆ ಮೊದಲು ಬಂದು ನೆಲೆಸಿದವರ ತಾಯಿ ಸಾಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕಾಟ್ಲೆಂಡ್, ಐರ್ಲೆಂಡ್ ಕಡೆಯವು, ತಂದೆ ಸಾಲುಗಳು ಬಹುಪಾಲು ಸ್ಕ್ಯಾಂಡಿನೇವಿಯಾದವು. ಅಂದರೆ ವೈಕಿಂಗರ ದೋಣಿಯಲ್ಲಿ ಬೇರೆ ನಾಡಿನ ಹೆಂಗಸರು ಬರುವುದು ಮಾಮೂಲು ಸಂಗತಿ. ಅವರಲ್ಲಿ ಎಷ್ಟೋ ಜನ ದಾಸಿಯರು. ವೈಕಿಂಗರು ಪೂರ್ವಕ್ಕೂ, ಲಾಡೋಗಾ ಸರೋವರದ ದಾರಿಯಲ್ಲಿ ರಷ್ಯಾದ ಒಳಗಿನವರೆಗೂ ವ್ಯಾಪಾರಕ್ಕೆ ಹೋಗುತ್ತಿದ್ದರು. ಒನೇಗಾ ಅಲ್ಲಿಂದ ದೂರವಿಲ್ಲ. ಆ ಕಡೆಯಿಂದ ಒಬ್ಬಳು ಬಂದಿರಬಹುದು ಅನ್ನುವುದು ನನ್ನ ಊಹೆ ಅಷ್ಟೆ, ಬೆಟ್ ಕಟ್ಟು ಅಂದರೆ ಕಟ್ಟುವುದಿಲ್ಲ. ಅಮೆರಿಕದಲ್ಲೋ ಕರೇಲಿಯಾದಲ್ಲೋ ಹಳೆಯ ಅಸ್ಥಿಯಲ್ಲಿ ಸಿ1ಇ ಸಿಕ್ಕ ದಿನ ನಾನೇ ಇಲ್ಲಿ ಬಂದು ಪೋಸ್ಟ್ ಹಾಕುತ್ತೇನೆ.

ಪ್ರಶ್ನೆ (ಮತ್ತೆ ಮೊದಲನೆಯವರು): ತುಂಬಾ ಧನ್ಯವಾದ ಮೇಡಂ. ಮಗಳಿಗೂ ಓದಿಸಿದೆ. ಕೊನೆಯದೊಂದು. ನಾವು ಪರೀಕ್ಷೆ ಮಾಡಿಸಿದರೆ ಇಂಥ ಸಂಬಂಧ ಏನಾದರೂ ಸಿಗುತ್ತದಾ? ಆನ್‌ಲೈನ್ ಕಿಟ್ ತರಿಸೋಣ ಅಂತಿದ್ದೇವೆ.

ಉತ್ತರ: ಒಂದು ಸಂಬಂಧ ಕಿಟ್ ಇಲ್ಲದೆಯೂ ಹೇಳಬಹುದು. ‘ಸಿ’ ಗುಂಪು ‘ಎಂ’ ಅನ್ನುವ ದೊಡ್ಡ ಗುಂಪಿನ ಕವಲು. ಭಾರತದ ತಾಯಿ ಸಾಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಂ. ಹಾಗಾಗಿ ನೀವು ಎಂ ಆಗಿದ್ದರೆ, ಯುರೋಪಿನ ಬಹುಪಾಲು ಜನರಿಗಿಂತ ಆ 80 ಐಸ್‌ಲ್ಯಾಂಡಿಗರೇ ತಾಯಿ ಸಾಲಿನಲ್ಲಿ ನಿಮಗೆ ಹತ್ತಿರದವರು. ಹತ್ತಿರ ಅಂದರೂ ಕವಲೊಡೆದು ಹತ್ತಾರು ಸಾವಿರ ವರ್ಷ ಆಗಿದೆ, ಮದುವೆಗೆ ಕರೆಯುವಷ್ಟು ಹತ್ತಿರ ಅಲ್ಲ.

ಇನ್ನು ಕಿಟ್ ವಿಷಯ. ಅಗ್ಗದ ಕಿಟ್‌ಗಳು ಆಯ್ದ ಕೆಲವು ಜಾಗಗಳನ್ನು ಮಾತ್ರ ನೋಡಿ ‘ಎಂ’, ‘ಯು’ ಅಂತ ಒಂದು ಅಕ್ಷರ ಕೊಡುತ್ತವೆ. ಕವಲಿನ ವಿವರ ಬೇಕಿದ್ದರೆ 16,569 ಅಕ್ಷರವನ್ನೂ ಓದುವ ಪರೀಕ್ಷೆಯನ್ನೇ ಕೇಳಿ ತರಿಸಿ. ಮಗಳ ತಾಯಿ ಸಾಲು ನಿಮ್ಮದಲ್ಲ, ನಿಮ್ಮ ಹೆಂಡತಿಯದು. ಮನೆಯಲ್ಲಿ ಮೂವರೇ ಇದ್ದರೆ ಎರಡು ಕಿಟ್ ಸಾಕು: ಒಂದು ನಿಮಗೆ, ಇನ್ನೊಂದು ತಾಯಿ ಮಗಳಲ್ಲಿ ಯಾರಾದರೊಬ್ಬರಿಗೆ.