ಅರ್ಧ ಮುಚ್ಚಿದ ಬಾಯಿ, ಉದ್ದ ಮೂತಿ: ಇದು ಟೀ ಪಾಟಾ, ಒಳಲೆಯಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಸರ್, ನಮಸ್ಕಾರ. ಹೋದ ವಾರ ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ಬಿಳಿ ಪಿಂಗಾಣಿಯ ಸಣ್ಣ ಪಾತ್ರೆ ಸಿಕ್ಕಿತು. 350 ರೂಪಾಯಿ ಕೊಟ್ಟೆ. ಟೀ ಪಾಟಿನ ಥರ ಮೂತಿ ಇದೆ, ಹಿಡಿಯೂ ಇದೆ. ಆದರೆ ಬಾಯಿಯ ಅರ್ಧ ಭಾಗ ಪಿಂಗಾಣಿಯಿಂದಲೇ ಮುಚ್ಚಿಕೊಂಡಿದೆ, ತೆಗೆಯೋಕೆ ಬರಲ್ಲ. ತಳದಲ್ಲಿ ‘ಮೇಡ್ ಇನ್ ಇಂಗ್ಲೆಂಡ್’ ಅಂತ ಇಂಗ್ಲಿಷಿನಲ್ಲಿದೆ. ಅಂಗಡಿಯವರು ‘ದೊರೆಗಳ ಟೀ ಪಾಟು, ಇನ್ನೂರು ವರ್ಷದ್ದು’ ಅಂದರು. ನಮ್ಮತ್ತೆ ನೋಡಿದವರೇ ‘ಇದು ಒಳಲೆ ಕಣೇ’ ಅಂದರು. ಯಾವುದು ಸರಿ? ಮಗುವಿಗೆ ಇದರಲ್ಲೇ ಹಾಲು ಕುಡಿಸಬಹುದಾ?

ಉತ್ತರ:
ನಿಮ್ಮತ್ತೆಗೆ ನೂರಕ್ಕೆ ತೊಂಬತ್ತು ಮಾರ್ಕು ಅಮ್ಮಾ. ಇದು ಒಳಲೆಯ ವಿಲಾಯತಿ ನೆಂಟ. ಹಾಸಿಗೆ ಹಿಡಿದ ರೋಗಿಗೆ ಗಂಜಿ, ಹಾಲು, ಸಾರು ಕುಡಿಸುವ ಬಟ್ಟಲು.

ಆ ಅರ್ಧ ಮುಚ್ಚಳ ನೋಡಿ, ಗುಟ್ಟೆಲ್ಲ ಅಲ್ಲೇ ಇದೆ. ಮಲಗಿದವರ ಬಾಯಿಗೆ ಮೂತಿ ಇಟ್ಟು ಬಟ್ಟಲು ಬಗ್ಗಿಸಿದಾಗ ಗಂಜಿ ಎದೆ ಮೇಲೆ ಚೆಲ್ಲಬಾರದು. ಅದಕ್ಕೆ ಮುಂದಿನ ಭಾಗ ಮುಚ್ಚಿದ್ದಾರೆ. ತುಂಬಿಸೋಕೆ, ಎಷ್ಟು ಉಳಿದಿದೆ ಅಂತ ನೋಡೋಕೆ ಹಿಂದೆ ತೆರೆದು ಬಿಟ್ಟಿದ್ದಾರೆ. ನಮ್ಮ ಒಳಲೆಗೆ ಆ ಮುಚ್ಚಳ ಬೇಕಿರಲಿಲ್ಲ. ಮಗು ತೊಡೆ ಮೇಲೇ ಇರುತ್ತದೆ, ಚೂರು ಚೂರೇ ಹಾಕುತ್ತೇವೆ.

ಟೀ ಪಾಟಾಗಿದ್ದರೆ ಮೂತಿ ಶುರುವಾಗುವ ಕಡೆ, ಒಳಗೆ, ಸೊಪ್ಪು ತಡೆಯೋಕೆ ಸಾಮಾನ್ಯವಾಗಿ ಜರಡಿಯಂಥ ಸಣ್ಣ ತೂತುಗಳಿರುತ್ತವೆ. ಟಾರ್ಚ್ ಬಿಟ್ಟು ನೋಡಿ.

ಇನ್ನೂರು ವರ್ಷದ ಮಾತು ಬಿಡಿ. ಹೊರಗಿಂದ ಬರುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿತು. ಆಮೇಲೆ ‘ಇಂಗ್ಲೆಂಡ್’ ಅಂತ ಒತ್ತುವುದು ಜಾಸ್ತಿಯಾಯಿತು. ‘ಮೇಡ್ ಇನ್ ಇಂಗ್ಲೆಂಡ್’ ಅಂತ ಪೂರ್ತಿ ಇದ್ದರೆ ಹೆಚ್ಚಾಗಿ 20ನೇ ಶತಮಾನದ್ದೇ. ಆದರೂ 350ಕ್ಕೆ ಮೋಸ ಇಲ್ಲ. ಮೂತಿಯ ತುದಿ ಚಕ್ಕೆ ಏಳದೆ ಸಿಗೋದು ಕಷ್ಟ.

ಮಗುವಿಗೆ ಮಾತ್ರ ಬೇಡವೇ ಬೇಡ. ಹಳೇ ಪಿಂಗಾಣಿಯ ಹೊಳಪಿನಲ್ಲಿ ಸೀಸ ಇರಬಹುದು. ಕೂದಲೆಳೆಯಂಥ ಬಿರುಕಿದ್ದರೆ ಹಾಲು ಅದರೊಳಗೆ ಇಳಿದು ಕೂರುತ್ತದೆ. ಆ ಮೂತಿಯೊಳಗೆ ತೊಳೆಯೋದಾದರೂ ಹೇಗೆ? ಗಾಜಿನ ಬೀರುವಿನಲ್ಲಿಡಿ.

ಪ್ರಶ್ನೆ (ಕೊಪ್ಪದಿಂದ):
ಅಣ್ಣಾ, ನಂದೂ ಒಂದಿದೆ. ಕಾಫಿ ತೋಟದ ಹಳೇ ಬಂಗಲೆಯ ಸಾಮಾನು ಮಾರುವಾಗ ತಂದಿದ್ದು. ಬೆಳ್ಳಿ ಥರ ಹೊಳೆಯುತ್ತೆ. ಏಳು ಕಮಾನು ಸಾಲಾಗಿವೆ, ನಡುವೆ ಎತ್ತೋಕೆ ಬಳೆ, ಕೆಳಗೆ ನಾಲ್ಕು ಕಾಲು. ನಾನು ಕರೆಂಟ್ ಬಿಲ್ಲು ಸಿಕ್ಕಿಸ್ತೀನಿ. ‘ಇಪಿಎನ್‌ಎಸ್’ ಅಂತ ಒತ್ತಿದ್ದಾರೆ. ಬೆಳ್ಳಿನೇ ಅಲ್ವಾ?

ಉತ್ತರ:
ಅಲ್ಲ ತಮ್ಮಾ. ಆ ನಾಲ್ಕಕ್ಷರ ಇದ್ದರೆ ನಿಕ್ಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಲೇಪ ಮಾಡಿದ್ದಾರೆ ಅಂತ ಅರ್ಥ. ನಿಕ್ಕಲ್ ಸಿಲ್ವರ್‌ನಲ್ಲಿ ತಾಮ್ರ, ನಿಕ್ಕಲ್, ಸತು ಇರುತ್ತವೆ. ಬೆಳ್ಳಿ ಹೆಸರಿಗಷ್ಟೇ. ಇಂಗ್ಲೆಂಡಿನ ಗಟ್ಟಿ ಬೆಳ್ಳಿಯಾಗಿದ್ದರೆ ನಡೆಯುವ ಸಿಂಹದ ಸಣ್ಣ ಮುದ್ರೆ ಹುಡುಕಬೇಕು.

ನಿಮ್ಮದು ಟೋಸ್ಟ್ ಸ್ಟ್ಯಾಂಡು. ಏಳು ಕಮಾನಿನ ನಡುವೆ ಆರು ಬ್ರೆಡ್ಡು ನಿಲ್ಲಿಸುತ್ತಾರೆ. ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಮೆತ್ತಗಾಗುತ್ತದೆ, ಬಿಡಿಯಾಗಿ ನಿಂತರೆ ಗರಿಗರಿ. ತಣ್ಣಗಾಗುತ್ತೆ ಅನ್ನೋದು ಬೇರೆ ಮಾತು. ಕಾವಲಿಯಿಂದ ನೇರ ತಟ್ಟೆಗೆ ಅಕ್ಕಿ ರೊಟ್ಟಿ ಹಾಕಿಸಿಕೊಳ್ಳುವ ನಮಗೆ ಇದರ ಸುಖ ಗೊತ್ತಾಗಲ್ಲ! ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ಥರ ಉಜ್ಜಬೇಡಿ, ಲೇಪ ಹೋಗುತ್ತದೆ. ಉಗುರುಬೆಚ್ಚಗಿನ ಸೋಪುನೀರು, ಮೆತ್ತನೆ ಬಟ್ಟೆ ಸಾಕು. ಬಿಲ್ಲು ಅಲ್ಲೇ ಇರಲಿ.

(ತೀರ್ಥಹಳ್ಳಿಯಿಂದ ಮತ್ತೆ):
ಟಾರ್ಚ್ ಬಿಟ್ಟು ನೋಡಿದೆ ಸರ್. ಜರಡಿ ಇಲ್ಲ, ಒಂದೇ ತೂತು. ಅತ್ತೆಗೆ ನಿಮ್ಮ ಉತ್ತರ ಓದಿ ಹೇಳಿದೆ. ‘ಉಳಿದ ಹತ್ತು ಮಾರ್ಕು ಯಾಕೆ ಕಳೆದರು, ಕೇಳು’ ಅಂತಿದಾರೆ.

ಉತ್ತರ:
ಮುಚ್ಚಳಕ್ಕೆ ಕಳೆದೆ ಅಂತ ಹೇಳಿ ಅಮ್ಮಾ.