ಹಳೆ ಟ್ರಾವೆಲರ್ ಕ್ಯಾಂಪರ್‌ಗೆ ಡೀಸೆಲ್ ಇಳಿಯುತ್ತಿಲ್ಲ, ನಾಝಲ್ ಪದೇ ಪದೇ ಕಟ್

ಪ್ರಶ್ನೆ, ಕೊಪ್ಪಳದಿಂದ

ಗಾಡಿ 2004ರ ಟೆಂಪೊ ಟ್ರಾವೆಲರ್, ಡೀಸೆಲ್. ಮಂಚ, ನೀರಿನ ಟ್ಯಾಂಕು, ಅಡಿಗೆ ಕಟ್ಟೆ ಕೂಡಿಸಿ ಕ್ಯಾಂಪರ್ ಮಾಡಿಸಿದ್ದು. ಪಕ್ಕದ ತಗಡು ಬದಲಿಸುವಾಗ ಡೀಸೆಲ್ ಹಾಕುವ ಬಾಯಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದಾರೆ. ಕೊಪ್ಪಳ, ಗಿಣಿಗೇರಾ, ಗಂಗಾವತಿ, ಮೂರೂ ಕಡೆ ಒಂದೇ ತೊಂದರೆ: ಮೊದಲ ನಾಲ್ಕೈದು ಲೀಟರ್ ಸರಾಗ, ಆಮೇಲೆ ನಾಝಲ್ ಟಕ್ ಅಂತ ಕಟ್. 30 ಲೀಟರಿಗೆ 12 ನಿಮಿಷ. ಒಮ್ಮೊಮ್ಮೆ ಬಾಯಿಂದ ನೊರೆ ಉಗುಳುತ್ತೆ. ಟ್ಯಾಂಕ್ ಇಳಿಸಿಬಿಡಬೇಕಾ?

ಉತ್ತರ, ಬಳ್ಳಾರಿಯಿಂದ

ಈಗಲೇ ಇಳಿಸಬೇಡಿ. ಮೂರು ಬಂಕಲ್ಲೂ ಹೀಗೇ ಆದರೆ ತಪ್ಪು ನಾಝಲ್‌ದಲ್ಲ, ಗಾಡಿಯದು.

ನಾಝಲ್ ಕಟ್ ಆಗೋದು ಟ್ಯಾಂಕ್ ತುಂಬಿದೆ ಅಂತ ತಿಳಿದುಕೊಂಡಲ್ಲ. ಅದರ ತುದಿಯಲ್ಲೊಂದು ಸಣ್ಣ ತೂತು ಇದೆ, ಬೆರಳಿಟ್ಟು ನೋಡಿದರೆ ಸಿಗುತ್ತೆ. ಡೀಸೆಲ್ ಹರಿಯುವಾಗ ಆ ತೂತಿನಿಂದ ಗಾಳಿ ಎಳೆದುಕೊಳ್ಳುತ್ತಿರುತ್ತೆ. ಡೀಸೆಲ್ಲೋ ನೊರೆಯೋ ತೂತನ್ನು ಮುಚ್ಚಿದರೆ ಒಳಗೆ ಎಳೆತ ಏರಿ ಡಯಾಫ್ರಮ್ ಅನ್ನೋ ತೆಳು ಪೊರೆ ಕೊಂಡಿ ಬಿಡಿಸುತ್ತೆ. ಅಂದರೆ ನಿಮ್ಮ ಟ್ಯಾಂಕ್ ಖಾಲಿ ಇದ್ದರೂ ಬಾಯಿಯ ಹತ್ತಿರ ಡೀಸೆಲ್ ನಿಂತುಕೊಳ್ಳುತ್ತಿದೆ. ನಿಲ್ಲೋದು ಯಾಕೆ? ಒಂದು ಲೀಟರ್ ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಹೊರಗೆ ಬರಬೇಕು. ಆ ದಾರಿ ಬ್ರೀದರ್ ಪೈಪ್, ಟ್ಯಾಂಕಿನ ನೆತ್ತಿಯಿಂದ ಹೊರಟು ಬಾಯಿಯ ಕೊರಳಿಗೆ ಸೇರುವಂಥದ್ದು.

ಮೊದಲ ಸೆಕೆಂಡಿಗೇ ಕಟ್ ಆದರೆ ಕೊರಳಿನ ಬಾಗು ಅಥವಾ ಕೊರಳಿಂದ ಟ್ಯಾಂಕಿಗೆ ಡೀಸೆಲ್ ಇಳಿಸುವ ದೊಡ್ಡ ಹೋಸ್ ಮೇಲೆ ಅನುಮಾನ. ನಿಮ್ಮ ಹಾಗೆ ನಾಲ್ಕೈದು ಲೀಟರ್ ಆದಮೇಲೆ ಅಂದರೆ ನನಗೆ ಬ್ರೀದರ್ ಮೇಲೇ ಕಣ್ಣು.

ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಬಾಯಿಯ ಮುಚ್ಚಳ ತೆಗೆದಿಟ್ಟು, ಬ್ರೀದರಿನ ಮೇಲಿನ ತುದಿ ಬಿಚ್ಚಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಸಲೀಸಾಗಿ ಹೋಗಿ ಬಾಯಲ್ಲಿ ಉಸಿರು ಬಂದರೆ ಸರಿ ಇದೆ. ಪಂಪು ಬಿಗಿದರೆ ಕಟ್ಟಿಕೊಂಡಿದೆ. ಗುಳುಗುಳು ಅಂದರೆ ಪೈಪಿನ ತಗ್ಗಲ್ಲಿ ಡೀಸೆಲ್ ನಿಂತಿದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಲೇಬೇಡಿ, ಟ್ಯಾಂಕಿನ ತಗಡು ಉಬ್ಬುತ್ತೆ, ಡೀಸೆಲ್ ಮಂಜಿನಂತೆ ಚಿಮ್ಮಿದರೆ ಬೆಂಕಿಗೆ ಕಿಡಿಯೊಂದು ಸಾಕು.

ಸಿರುಗುಪ್ಪದಿಂದ

ಟ್ಯಾಂಕಿನ ಮುಚ್ಚಳಕ್ಕೆ 3 ಮಿ.ಮೀ. ತೂತು ಹೊಡೆದರೆ ಗಾಳಿ ಆಡುತ್ತೆ ಅಂತಾರೆ, ಬಹಳ ಜನ ಹಂಗೇ ಮಾಡ್ತಾರೆ.

ಸಿಂಧನೂರಿನಿಂದ

ದಯವಿಟ್ಟು ಬೇಡ. ಡೀಸೆಲ್ ಹಾಕುವಾಗ ಮುಚ್ಚಳ ಕೈಯಲ್ಲಿರುತ್ತೆ, ಅದರ ತೂತಿನಿಂದ ಏನು ಉಪಯೋಗ? ಗಾಡಿ ಓಡುವಾಗ ಎಂಜಿನ್ ಡೀಸೆಲ್ ಎಳೆದು ಟ್ಯಾಂಕಲ್ಲಿ ನಿರ್ವಾತ ಆಗೋದು ಬೇರೆ ರೋಗ. ಅದರ ಗುರುತು, ಮುಚ್ಚಳ ತಿರುಗಿಸಿದಾಗ ಗಾಳಿ ಸುಯ್ ಅಂತ ಒಳಗೆ ಹೋಗೋದು. ತೂತು ಹೊಡೆದರೆ ಮಳೆನೀರು, ಸಂಡೂರು ಕಡೆಯ ಅದಿರು ಧೂಳು ನೇರ ಟ್ಯಾಂಕಿಗೆ, ಅಲ್ಲಿಂದ ಫಿಲ್ಟರಿಗೆ.

ಇನ್ನೆರಡು ನೋಡಿ. ನಮ್ಮ ಎರೆಹೊಲದ ದಾರಿಯಲ್ಲಿ ಮಳೆಗಾಲದ ಕೆಸರು ಚಾಸಿಗೆ ಮೆತ್ತಿ ಒಣಗಿ ಸಿಮೆಂಟಿನ ಹಾಗೆ ಆಗುತ್ತೆ, ಪೈಪನ್ನು ಒತ್ತಿ ಚಪ್ಪಟೆ ಮಾಡುತ್ತೆ. ಗಾಡಿ ತಿಂಗಳುಗಟ್ಟಲೆ ನಿಂತಿದ್ದರೆ ಹೊರಗೆ ತೆರೆದ ಸಣ್ಣ ಗಾಳಿ ಪೈಪಿನ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ. ತಂತಿ ತೂರಿಸಿ ಒಳಗೆ ತಳ್ಳಬೇಡಿ, ಮಣ್ಣು ಟ್ಯಾಂಕಿಗೆ ಬೀಳುತ್ತೆ. ತುದಿ ಒಂದು ಇಂಚು ಕತ್ತರಿಸಿ ತೆಗೆಯಿರಿ.

ಕೊಪ್ಪಳದಿಂದ

ಗುಳುಗುಳು ಸದ್ದು ಬಂತು. ಮಂಚದ ಪೆಟ್ಟಿಗೆ ತೆಗೆದು ನೋಡಿದರೆ ಬ್ರೀದರ್ ಮೂಲದ್ದಲ್ಲ, ನೀರಿಗೆ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಳ ಅಳತೆ 6 ಮಿ.ಮೀ. ಹಳದಿಯಾಗಿ ಗಟ್ಟಿಯಾಗಿದೆ. ನಡುವೆ ಅಂಗೈ ಅಗಲ ಜೋತುಬಿದ್ದ ತಗ್ಗು, ಅದರೊಳಗೆ ಡೀಸೆಲ್ ನಿಂತಿರೋದು ಹೊರಗಿಂದಲೇ ಕಾಣುತ್ತೆ. ಟ್ಯಾಂಕಿನ ಮೂತಿ ಮಾತ್ರ 12 ಮಿ.ಮೀ. ಪೈಪಿನದೇ.

ಬಳ್ಳಾರಿಯಿಂದ

ಹಾಗಾದರೆ ಸಿಕ್ಕಿತು. ತಗ್ಗು ಸಿಂಕಿನ ಕೆಳಗಿನ ಬಾಗಿದ ಪೈಪಿನ ಕೆಲಸವನ್ನೇ ಮಾಡುತ್ತಿದೆ, ಗಾಳಿ ಡೀಸೆಲ್ ಸೀಳಿಕೊಂಡು ಗುಳ್ಳೆಯಾಗಿ ಬರಬೇಕು. ಅಳತೆಯೂ ಸಣ್ಣದು. ಬಂಕಿನ ಸಾಮಾನ್ಯ ನಾಝಲ್ ನಿಮಿಷಕ್ಕೆ ಸುಮಾರು 40 ಲೀಟರ್ ಬಿಡುತ್ತೆ ಅಂತ ಹಿಡಿಯಿರಿ. ಅಷ್ಟೇ ಗಾಳಿ 12 ಮಿ.ಮೀ. ಪೈಪಲ್ಲಿ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಬಂದರೆ ಸಾಕು, 6 ಮಿ.ಮೀ. ಆದರೆ 24 ಮೀಟರ್ ಬೇಕು. ಅಗಲ ಅರ್ಧ, ದಾರಿ ಕಾಲು.

12 ಮಿ.ಮೀ. ಒಳ ಅಳತೆಯ, ನೂಲು ನೇಯ್ದ ನೈಟ್ರೈಲ್ ರಬ್ಬರ್ ಡೀಸೆಲ್ ಹೋಸ್ ಕೇಳಿ ತನ್ನಿ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು ಕೆಲಸ ಶುರು ಮಾಡಿ. ಟ್ಯಾಂಕಿನ ಮೂತಿಯಿಂದ ಬಾಯಿಯ ಕೊರಳಿನವರೆಗೆ ಪೈಪು ಏರುತ್ತಲೇ ಇರಬೇಕು, ಎಲ್ಲೂ ಇಳಿಯಬಾರದು. ಅರ್ಧ ಅಡಿಗೊಂದು ರಬ್ಬರ್ ಹಚ್ಚಿದ ಕ್ಲ್ಯಾಂಪ್ ಹಾಕಿ. ಕೇಬಲ್ ಟೈ ಬಿಗಿದರೆ ಪೈಪು ಮತ್ತೆ ಹಿಸುಕಿಹೋಗುತ್ತೆ.

ಬಾಯಿ ಸರಿಸಿದ್ದರಿಂದ ದೊಡ್ಡ ಹೋಸ್ ಕೂಡ ಅಡ್ಡ ಮಲಗಿರಬೇಕು. ಅದು ಟ್ಯಾಂಕಿನತ್ತ ಮೀಟರಿಗೆ ಕನಿಷ್ಠ 10 ಸೆಂ.ಮೀ. ಇಳಿಜಾರಾಗಿರಲಿ. ಒಳಗೆ ಟಾರ್ಚ್ ಬಿಟ್ಟು ನೋಡಿ: ಹಳೆ ಹೋಸಿನ ಒಳಪದರ ಸುಲಿದು ನಾಲಿಗೆಯ ಹಾಗೆ ಜೋತುಬಿದ್ದಿದ್ದರೆ ಹೊರಗಿಂದ ಎಷ್ಟು ಚೆನ್ನಾಗಿ ಕಂಡರೂ ಬದಲಿಸಿ. ಕೊರಳಿಗೆ ವೆಲ್ಡಿಂಗ್ ಬೇಕಾದರೆ ಕೊರಳನ್ನು ಬಿಚ್ಚಿ ಗಾಡಿಯಿಂದ ದೂರ ಒಯ್ದು ಮಾಡಿಸಿ. ಖಾಲಿ ಟ್ಯಾಂಕ್ ಸಿಡಿಯುತ್ತೆ.

ಕೊಪ್ಪಳದಿಂದ

ಬ್ರೀದರ್ ಹೊಸದು, ದೊಡ್ಡ ಹೋಸ್ ಎರಡು ಇಂಚು ಕತ್ತರಿಸಿ ಜೋತುಬಿದ್ದ ಹೊಟ್ಟೆ ತೆಗೆದೆ. 30 ಲೀಟರ್ ಒಂದೇ ಸಲಕ್ಕೆ ಹೋಯಿತು, ಒಂದು ನಿಮಿಷದ ಆಸುಪಾಸು, ಕಟ್ ಇಲ್ಲ. ಈಗ ಬಾಯಿಮಟ್ಟ ತುಂಬಿಸಬಹುದಾ?

ಸಿಂಧನೂರಿನಿಂದ

ಮೊದಲ ಕಟ್‌ಗೇ ನಿಲ್ಲಿಸಿ. ಮೇಲಿಂದ ತುರುಕಿದ ಡೀಸೆಲ್ ಸೇರೋದು ಅದೇ ಬ್ರೀದರಿಗೆ. ಬೇಸಿಗೆಯಲ್ಲಿ ನೆಲದೊಳಗಿನ ಟ್ಯಾಂಕಿಂದ ಬಂದ ಡೀಸೆಲ್ ಬಿಸಿಲಿಗೆ 15 ಡಿಗ್ರಿ ಏರಿದರೆ 60 ಲೀಟರಿಗೆ ಹತ್ತಿರಹತ್ತಿರ ಮುಕ್ಕಾಲು ಲೀಟರ್ ಉಬ್ಬುತ್ತೆ, ಅದಕ್ಕೆ ಜಾಗ ಬೇಕು. 500 ಕಿ.ಮೀ. ಓಡಿಸಿದ ಮೇಲೆ ಕ್ಲ್ಯಾಂಪ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಹೊಸ ರಬ್ಬರ್ ಸ್ವಲ್ಪ ಕೂತಿರುತ್ತೆ.